ತಂಗಿಗೆ ಜಪಾನಾ, ಜರ್ಮನಿಯಾ?

ಅಣ್ಣಾ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದ ತಂಗಿಗೆ ಕೆಲಸಕ್ಕೆ ಜಪಾನ್, ಜರ್ಮನಿ ಯಾವುದು ಒಳ್ಳೇದು ಅಂತ ಕೇಳಿದ್ರಲ್ಲಾ, ಮೊದಲು ಭಾಷೆ ನೋಡಿ. ಜಪಾನಿನ ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್ ವೀಸಾ 2019ರಲ್ಲಿ ಶುರುವಾದ್ದು, ಎನ್4 ಮಟ್ಟದ (ಕೆಳಗಿನಿಂದ ಎರಡನೇ ಹಂತ) ಜಪಾನೀಸ್, ಮತ್ತೆ ಕೇರ್ ಅಂದ್ರೆ ಆರೈಕೆ ಕೆಲಸದ್ದೇ ಕೌಶಲದ ಪರೀಕ್ಷೆ, ಆ ಕೆಲಸದ ಜಪಾನೀಸ್ ಪರೀಕ್ಷೆ ಪಾಸಾದ್ರೆ ಆಯ್ತು, ಡಿಗ್ರಿ ಕೇಳೋದಿಲ್ಲ. ಜರ್ಮನಿಯಲ್ಲಿ ನರ್ಸ್ ಅಂತ ಮಾನ್ಯತೆ ಸಿಗ್ಬೇಕಾದ್ರೆ ಸಾಮಾನ್ಯವಾಗಿ ಬಿ2, ಅಂದ್ರೆ ಸರಾಗವಾಗಿ ಮಾತಾಡೋ ಮಟ್ಟದ ಜರ್ಮನ್ ಬೇಕು, ಕಷ್ಟವೇ.

ಆದ್ರೆ ಜಪಾನಲ್ಲಿ ಈ ವೀಸಾದಲ್ಲಿ ಅವಳು ನರ್ಸ್ ಅಲ್ಲ, ವಯಸ್ಸಾದವರನ್ನು ಎಬ್ಬಿಸಿ ಮೀಯಿಸಿ ಊಟ ಮಾಡಿಸೋ ಕೆಲಸ, ಸಾಮಾನ್ಯವಾಗಿ ಒಟ್ಟು 5 ವರ್ಷ, ಗಂಡ ಮಕ್ಕಳನ್ನು ಕರ್ಕೊಂಡು ಹೋಗೋ ಹಾಗಿಲ್ಲ. ಕಲಿತ ನರ್ಸಿಂಗ್ ಬಿಟ್ಟುಬಿಡೋದು ನನಗಂತೂ ಬೇಜಾರು.

ಖರ್ಚಿಗೆ, ನಮ್ಮ ಕಾಸರಗೋಡಿನವರಿಗೆ ಕೇರಳ ಸರಕಾರದ ನೋರ್ಕಾದ (ಹೊರಗೆ ದುಡಿಯೋ ಕೇರಳದವರಿಗಾಗಿ ಇರೋ ಸಂಸ್ಥೆ) ಟ್ರಿಪಲ್ ವಿನ್ ಅನ್ನೋ ನರ್ಸ್ ನೇಮಕಾತಿ ಯೋಜನೆ ಉಂಟಲ್ಲ, ಜರ್ಮನಿಗೆ ರಿಕ್ರೂಟ್‌ಮೆಂಟ್ ಫ್ರೀ, ಏಜೆಂಟ್ ಲಕ್ಷ ಕೇಳಿದ್ರೆ ಕೊಡ್ಲೇಬೇಡಿ. ಬೇಗ ಹೊರಡ್ಬೇಕು, ಮದುವೆ ಸದ್ಯಕ್ಕಿಲ್ಲ ಅಂದ್ರೆ ಜಪಾನ್, ಅಲ್ಲೇ ಸಂಸಾರ ಹೂಡ್ಬೇಕಾದ್ರೆ ಜರ್ಮನಿ.