ತುರ್ತು ಕಿಟ್: ಕಾಸರಗೋಡಿನ ಮಳೆಗೆ ಯಾವುದು ತಡೆದೀತು, ಯಾವುದು ದಂಡ

ಡಬ್ಬಿ ತುಂಬ ಸಾಮಾನು ತುಂಬಿ ಆನ್‌ಲೈನಲ್ಲಿ ಮಾರುವ ತುರ್ತು ಕಿಟ್‌ಗಳಲ್ಲಿ ಅರ್ಧಕ್ಕರ್ಧ ನಮಗೆ ಬೇಡದ್ದು. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವವರಿಗೆ ದಿಕ್ಸೂಚಿ, ತಂತಿ ಗರಗಸ ಎಂತಕ್ಕೆ? ಬೇಕಾದ್ದು ಕರೆಂಟು ಹೋದಾಗ ಬೆಳಕು, ಮರ ಬಿದ್ದು ದಾರಿ ಬಂದಾದಾಗ ಫೋನಿಗೆ ಚಾರ್ಜು, ಕೈ ಕೊಯ್ದರೆ ಬ್ಯಾಂಡೇಜು. ಇಲ್ಲಿ ಇಂಥ ಸಾಮಾನು ಬಳಸಿ ಸವೆಯುವುದಕ್ಕಿಂತ ಜೂನಿಂದ ಸೆಪ್ಟೆಂಬರ್ ತನಕ ಬ್ಯಾಗಿನೊಳಗೆ ತೇವ ಕುಡಿದು ಹಾಳಾಗುವುದೇ ಹೆಚ್ಚು.

ಬೆಳಕಿಗೆ ಕೈಯಲ್ಲಿ ಹಿಡಿಯುವ ಟಾರ್ಚಿಗಿಂತ ತಲೆಗೆ ಕಟ್ಟುವ ಲೈಟೇ ಮೇಲು. ಎರಡೂ ಕೈ ಖಾಲಿ ಇರುತ್ತದೆ. ರಬ್ಬರ್ ಟ್ಯಾಪಿಂಗಿನವರು ನಸುಕಿಗೆ ಕಟ್ಟಿಕೊಳ್ಳುವ ಲೈಟು ಗಟ್ಟಿ, ಬೆಳಕೂ ಜೋರು, ಆದರೆ ದಿನಾ ಹೊರುವ ಬ್ಯಾಗಿಗೆ ಭಾರ. ಎಎಎ ಸೆಲ್ಲಿನ 100 ಲುಮೆನ್ ಲೈಟು ಧಾರಾಳ ಸಾಕು. ನೀರು ಎಷ್ಟು ತಡೆಯುತ್ತದೆಂದು ಹೇಳುವ ಗುರುತು ನೋಡಿ: ಐಪಿಎಕ್ಸ್4 ಅಂದರೆ ಸಿಡಿಯುವ ನೀರಿಗೆ ಮಾತ್ರ. ಐಪಿಎಕ್ಸ್7 ಆದರೆ 1 ಮೀಟರ್ ನೀರಲ್ಲಿ 30 ನಿಮಿಷ ತಡೆಯುತ್ತದೆ. ಚಾರ್ಜು ಮಾಡುವ ಲೈಟಾದರೆ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲವಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹೆಚ್ಚಿನ ಲೈಟು ಸಾಯುವುದು ಸೆಲ್ಲಿನಿಂದ. ಹಳತು ಹೊಸತು ಬೆರೆಸಿ ಹಾಕಿದರೆ ಬಲ ಕಮ್ಮಿಯಾದ ಸೆಲ್ ಮೊದಲು ಖಾಲಿಯಾಗುತ್ತದೆ, ಉಳಿದವು ಅದನ್ನು ಉಲ್ಟಾ ದೂಡುತ್ತವೆ, ಒಳಗೆ ಗ್ಯಾಸ್ ತುಂಬಿ ಸೀಲು ಒಡೆಯುತ್ತದೆ. ಸ್ಪ್ರಿಂಗಿನ ಬುಡದಲ್ಲಿ ಬಿಳಿ ಹುಡಿ ಕಂಡರೆ ಅದೇ. ಬರಿಗೈಲಿ ಮುಟ್ಟಬೇಡಿ. ಹತ್ತಿಗೆ ಎರಡು ತೊಟ್ಟು ವಿನೆಗರ್ ಹಾಕಿ ಒರೆಸಿ, ಒಣಗಿಸಿ, ಸ್ಪ್ರಿಂಗನ್ನು ಉಪ್ಪುಕಾಗದದಲ್ಲಿ ಉಜ್ಜಿದರೆ ಎಷ್ಟೋ ಸಲ ಲೈಟು ಮತ್ತೆ ಉರಿಯುತ್ತದೆ. ಸೆಲ್ ತೆಗೆದು ಬೇರೆ ಕವರಲ್ಲಿ ಇಟ್ಟರೆ ಈ ರಗಳೆಯೇ ಇಲ್ಲ.

ಚಾರ್ಜು ಮಾಡುವ ಲೈಟಿನ 18650 ಎಂಬ ಲಿಥಿಯಂ ಸೆಲ್ಲಿನ ಮೇಲೆ "9900 ಎಂಎಎಚ್" (ಎಷ್ಟು ಚಾರ್ಜು ಹಿಡಿಯುತ್ತದೆಂಬ ಲೆಕ್ಕ) ಅಂತ ಇದ್ದರೆ ಅದು ಶುದ್ಧ ಸುಳ್ಳು. ಒಳ್ಳೆಯದರಲ್ಲೂ ಇರುವುದು 3500ರ ಆಸುಪಾಸು. ತೂಗಿ ನೋಡಿ: ಸರಿಯಾದ್ದು 45 ಗ್ರಾಂ ಅಥವಾ ಸ್ವಲ್ಪ ಮೇಲೆ, 30ಕ್ಕೆ ಇಳಿದರೆ ಒಳಗೆ ಏನೂ ಇಲ್ಲ. ಪವರ್ ಬ್ಯಾಂಕಿನ 10000 ಎಂಎಎಚ್ ಕೂಡ 3.7 ವೋಲ್ಟಿನ ಲೆಕ್ಕ. 5 ವೋಲ್ಟಿಗೆ ಏರಿಸಿ ಫೋನಿಗೆ ಕೊಡುವಾಗ 6000 ಚಿಲ್ಲರೆ ಸಿಕ್ಕರೆ ಪುಣ್ಯ. ಮೂರು ತಿಂಗಳಿಗೊಮ್ಮೆ ಚಾರ್ಜು ಮಾಡಿ, ಬಿಸಿಲಲ್ಲಿ ನಿಲ್ಲಿಸುವ ಸ್ಕೂಟರಿನ ಸೀಟಿನಡಿ ಬಿಡಬೇಡಿ. ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ.

ಚೂರಿಯ ಪೈಕಿ 58 ಮಿ.ಮೀ.ನ ವಿಕ್ಟೋರಿನಾಕ್ಸ್ ಕ್ಲಾಸಿಕ್ ದುಡ್ಡಿಗೆ ಮೋಸವಿಲ್ಲ. ಅಲಗಿಗಿಂತ ಕತ್ತರಿಯೂ ಮುಳ್ಳು ತೆಗೆಯುವ ಚಿಮಟವೂ ಹೆಚ್ಚು ಕೆಲಸಕ್ಕೆ ಬರುತ್ತವೆ. ಉಪ್ಪಳ, ಕುಂಬಳೆಯ ಕಡಲ ಗಾಳಿಗೆ ಸ್ಟೇನ್‌ಲೆಸ್ ಅಂದರೂ ಕೀಲಿನಲ್ಲಿ ತುಕ್ಕು ಬರುತ್ತದೆ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಹಾಕಿದರೆ ದಿನ ಹೋದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಮೆಷಿನಿನ ಎಣ್ಣೆ ಒಂದು ತೊಟ್ಟು ಸಾಕು. ಮಂಗಳೂರಲ್ಲಿ ವಿಮಾನ ಹತ್ತುವುದಿದ್ದರೆ ಚೂರಿ ಲಗೇಜಿಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ.

ಹಾವಿನ ವಿಷ ಹೀರುವ ಪಂಪು ಪೂರ್ತಿ ದಂಡ: ವಿಷ ಬರುವುದಿಲ್ಲ, ಗಾಯ ಕೆಡುತ್ತದೆ. ಅದರ ಜಾಗಕ್ಕೆ 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜು ಎರಡು ಇರಲಿ. ಹಾವು ಕಚ್ಚಿದರೆ ಬಿಗಿದು ಕಟ್ಟುವುದಕ್ಕಲ್ಲ, ಕೈಕಾಲು ಅಲ್ಲಾಡದಂತೆ ಕೋಲಿಗೆ ಸೇರಿಸಿ ಹಿಡಿಸಲಿಕ್ಕೆ. ತಡಮಾಡದೆ 108ಕ್ಕೆ ಫೋನು. ಓಆರ್‌ಎಸ್ ದೊಡ್ಡ ಪ್ಯಾಕೆಟು 1 ಲೀಟರ್ ನೀರಿನದ್ದು, ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಅಪಾಯ. ಬ್ಯಾಗಿಗೆ 200 ಮಿ.ಲೀ.ನ ಸಣ್ಣ ಪ್ಯಾಕೆಟೇ ಸರಿ.

ಸೀಟಿ ಪ್ಲಾಸ್ಟಿಕಿನದ್ದು, ಒಳಗೆ ಗುಂಡು ಇಲ್ಲದ್ದು. ಗುಂಡು ಒದ್ದೆಯಾದರೆ ಅಂಟಿ ಕೂರುತ್ತದೆ. ಎಲ್ಲವನ್ನೂ ಎರಡು ಜಿಪ್ ಕವರಲ್ಲಿ ಹಾಕಿ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲೊಮ್ಮೆ, ಮಳೆ ಹಿಡಿಯುವ ಮುಂಚೆ, ಬಿಚ್ಚಿ ಸೆಲ್ ಮತ್ತು ಓಆರ್‌ಎಸ್‌ನ ತಾರೀಕು ನೋಡಿದರಾಯಿತು.