‘ಸ್ಪೋರ್ಟ್ಸ್ ಬಿಬಿಎ’ಗೆ ದುಡ್ಡು ಕಟ್ಟುವ ಮುಂಚೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಆಟಗಾರರಿಗೂ ಪಾಲಕರಿಗೂ

ಪಿಯುಸಿ ರಿಸಲ್ಟ್ ಬಂದ ವಾರದಿಂದಲೇ ನಮ್ಮ ಮೂರೂ ಜಿಲ್ಲೆಗಳ ಆಟಗಾರರ ಮನೆಗಳಿಗೆ ‘ಸ್ಪೋರ್ಟ್ಸ್ ಬಿಬಿಎ’ ನಡೆಸುವ ಅಕಾಡೆಮಿಗಳಿಂದ ಫೋನ್ ಬರೋಕೆ ಶುರುವಾಗುತ್ತವೆ. ರಾಜ್ಯಮಟ್ಟದಲ್ಲಿ ಆಡಿದ ಹುಡುಗ ಹುಡುಗಿಯರ ನಂಬರು ಅವರಿಗೆ ಹೇಗೋ ಸಿಕ್ಕಿರುತ್ತದೆ. ‘ಆಟದ ಜೊತೆಗೇ ಬಿಬಿಎ, ಲೀಗ್‌ನಲ್ಲಿ ಇಂಟರ್ನ್‌ಶಿಪ್, ನೂರಕ್ಕೆ ನೂರು ಕೆಲಸ’ ಅನ್ನುತ್ತಾರೆ. ಸಿಂಧನೂರು ಕಡೆಯ ಒಬ್ಬ ಕಬಡ್ಡಿ ಆಟಗಾರನ ಮನೆಯವರು ಈ ಮಾತು ನಂಬಿ ಏನೇನು ಕಳೆದುಕೊಂಡರು ಅನ್ನುವುದನ್ನು ಹೆಸರು ಬಿಟ್ಟು ಇಲ್ಲಿ ಹೇಳುತ್ತಿದ್ದೇವೆ. ಈ ವರ್ಷ ಇನ್ನೊಂದು ಮನೆಗೆ ಹೀಗಾಗಬಾರದು.

ಹುಡುಗನನ್ನು ಸೇರಿಸಿಕೊಂಡದ್ದು ಬೆಂಗಳೂರಿನ ಒಂದು ಅಕಾಡೆಮಿ. ಪಾಠ ನಡೆಯುತ್ತಿದ್ದದ್ದು ಬಾಡಿಗೆ ಕಟ್ಟಡದ ಒಂದು ಮಹಡಿಯಲ್ಲಿ. ಡಿಗ್ರಿ ಕೊಡಬೇಕಾದದ್ದು ಬೇರೆ ರಾಜ್ಯದ ಖಾಸಗಿ ವಿಶ್ವವಿದ್ಯಾಲಯ. ಫೀಸು ಕೊಟ್ಟದ್ದು ಮೂರನೆಯ ಒಂದು ಫೈನಾನ್ಸ್ ಕಂಪನಿ, ಅದೂ ಹಮಾಲಿ ಮಾಡುವ ಅಪ್ಪನ ಹೆಸರಿನಲ್ಲಿ. ‘ಬಡ್ಡಿ ಇಲ್ಲದ ಕಂತು, ತಿಂಗಳಿಗೆ ಇಷ್ಟಿಷ್ಟು ಕಟ್ಟಿದರೆ ಆಯಿತು’ ಅಂತ ಹೇಳಿ ಮೊಬೈಲಿನಲ್ಲೇ ಒಟಿಪಿ ಹಾಕಿಸಿಕೊಂಡಿದ್ದರು. ಅದು ಸಾಲ ಅನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ.

ಎರಡನೆಯ ವರ್ಷ ಅಂತರ ವಿಶ್ವವಿದ್ಯಾಲಯ ಕಬಡ್ಡಿಯ ಆಯ್ಕೆ ಬಂದಾಗ ಬಣ್ಣ ಬಯಲಾಯಿತು. ಆಡಬೇಕೆಂದರೆ ವಿಶ್ವವಿದ್ಯಾಲಯದ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು ಅನ್ನುವುದು ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ನಿಯಮ. ಇವನ ದಾಖಲಾತಿ ಇದ್ದದ್ದು ಆನ್‌ಲೈನ್ ವಿಧಾನದಲ್ಲಿ. ದಿನಾ ತರಗತಿಗೆ ಹೋಗುತ್ತಿದ್ದರೂ ಕಾಗದದಲ್ಲಿ ಅವನು ಯಾವ ಕಾಲೇಜಿನ ಹುಡುಗನೂ ಅಲ್ಲ. ಅಂತರ ವಿವಿ ತಪ್ಪಿದರೆ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ದಾರಿಯೂ ಮುಚ್ಚಿದ ಹಾಗೆ. ಕ್ರೀಡಾ ಕೋಟಾದ ನೌಕರಿಗಳಲ್ಲಿ ಲೆಕ್ಕಕ್ಕೆ ಬರುವ ಪದಕಗಳಲ್ಲಿ ಇಂಥ ಕೂಟಗಳ ಪದಕಗಳೂ ಇವೆ. ಆಟಗಾರನಿಗೆ 18ರಿಂದ 22 ವಯಸ್ಸಿನ ನಡುವೆ ಹೋದ ಎರಡು ಸೀಸನ್ನು ಮತ್ತೆ ಸಿಗುವುದಿಲ್ಲ. ನಮ್ಮ ಲೆಕ್ಕದಲ್ಲಿ ದುಡ್ಡಿಗಿಂತ ದೊಡ್ಡ ನಷ್ಟ ಇದೇ.

ಒಂದು ಮಾತು ಸ್ಪಷ್ಟವಾಗಿರಲಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅನುಮತಿ ಇರುವ ವಿಶ್ವವಿದ್ಯಾಲಯದ ಆನ್‌ಲೈನ್ ಡಿಗ್ರಿ ಸುಳ್ಳು ಡಿಗ್ರಿ ಅಲ್ಲ, ನೌಕರಿಗೆ ನಡೆಯುತ್ತದೆ. ಆದರೆ ಅದರ ಮೇಲೆ ವಿಶ್ವವಿದ್ಯಾಲಯದ ತಂಡಕ್ಕೆ ಆಡಲಾಗದು. ಇನ್ನು ಅಕಾಡೆಮಿಯೊಂದು ಫ್ರಾಂಚೈಸಿ ಹಿಡಿದು ಬೇರೆಯವರ ಡಿಗ್ರಿ ನಡೆಸುವುದಕ್ಕೆ ಯುಜಿಸಿ ಒಪ್ಪುವುದೇ ಇಲ್ಲ. ಒಂದು ರಾಜ್ಯದ ಕಾಯಿದೆಯಡಿ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯ ಇನ್ನೊಂದು ರಾಜ್ಯದಲ್ಲಿ ಕೇಂದ್ರ ತೆರೆಯುವ ಹಾಗಿಲ್ಲ. ಛತ್ತೀಸ್‌ಗಢದ ಖಾಸಗಿ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಇದರ ಬಗ್ಗೆ ತೀರ್ಪು ಕೊಟ್ಟಿದೆ.

ಹಾಗಾಗಿ ಫೋನ್ ಮಾಡಿದವರಿಗೆ ಮೊದಲು ಕೇಳಬೇಕಾದದ್ದು: ಮಾರ್ಕ್ಸ್ ಕಾರ್ಡಿನ ಮೇಲೆ ಯಾರ ಹೆಸರು ಇರುತ್ತದೆ, ರೆಗ್ಯುಲರ್ರೋ ಆನ್‌ಲೈನೋ, ಯಾವ ವಿಧಾನ ಅಂತ ಬರೆದಿರುತ್ತದೆ? ಹಿಂದಿನ ಬ್ಯಾಚಿನ ಒಂದು ಮಾರ್ಕ್ಸ್ ಕಾರ್ಡನ್ನು ಹೆಸರು ಮುಚ್ಚಿ ತೋರಿಸಲಿ. ‘ಆಮೇಲೆ ಕಳಿಸ್ತೀವಿ’ ಅಂದರೆ ಅಲ್ಲಿಗೇ ಬಿಡಿ. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಬಿ.ಕಾಂ, ಬಿಬಿಎಯಂಥ ಪದವಿ ಪ್ರವೇಶ ಯುಯುಸಿಎಂಎಸ್ ಅನ್ನುವ ಸರ್ಕಾರಿ ಪೋರ್ಟಲ್ ಮೂಲಕ ಆಗುತ್ತದೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ರಾಯಚೂರು, ಕೊಪ್ಪಳದಲ್ಲಿರುವ ವಿಶ್ವವಿದ್ಯಾಲಯಗಳದ್ದೂ ಹಾಗೇ. ಇವುಗಳ ಹೆಸರು ಹೇಳಿ ಯಾರಾದರೂ ಸೀಟು ಕೊಡುತ್ತೇವೆ ಅಂದರೆ ಯುಯುಸಿಎಂಎಸ್ ನೋಂದಣಿ ಸಂಖ್ಯೆ ಕೇಳಿ. ಆ ಸಂಖ್ಯೆ ಇಲ್ಲದಿದ್ದರೆ ಪ್ರವೇಶವೂ ಇಲ್ಲ. ಸಂಯೋಜಿತ ಕಾಲೇಜು ಬಿಬಿಎ ನಡೆಸಬೇಕಾದರೆ 2024-25ರಿಂದ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಅನುಮೋದನೆಯೂ ಬೇಕು. ಅದರ ಪತ್ರ ಈ ವರ್ಷಕ್ಕೂ ನಡೆಯುತ್ತದೋ ಇಲ್ಲವೋ ನೋಡಿ. ಬಡ ಮನೆಯ ಮಕ್ಕಳಿಗೆ ಇನ್ನೊಂದು ಸುಲಭ ಪರೀಕ್ಷೆ ಇದೆ: ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಆ ಕಾಲೇಜಿನ ಹೆಸರು ಬರುತ್ತದೋ ಇಲ್ಲವೋ?

ಕಲಿಸುವುದರ ಬಗ್ಗೆಯೂ ಕೇಳಬೇಕು, ಇದನ್ನು ಕೇಳುವವರೇ ಕಡಿಮೆ. ಕ್ರೀಡಾ ವ್ಯವಹಾರ ಅಂದರೆ ಆಟಗಾರರ ಜೊತೆ ಫೋಟೋ ಅಲ್ಲ, ಲೆಕ್ಕ. ಹದಿನಾರು ತಂಡಗಳ ನಾಕೌಟ್ ಕಬಡ್ಡಿ ಇಟ್ಟರೆ 15 ಪಂದ್ಯ. ಪುರುಷರ ಪಂದ್ಯ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಟೈಮ್ ಔಟು, ತಂಡಗಳು ಒಳಗೆ ಹೊರಗೆ ಆಗುವುದು ಎಲ್ಲ ಸೇರಿ ಒಂದಕ್ಕೆ ಒಂದು ತಾಸು ಹಿಡಿಯಿರಿ. ಒಂದೇ ಮ್ಯಾಟ್ ಇದ್ದರೆ 15 ತಾಸು, ಅಂದರೆ ಒಂದು ದಿನದಲ್ಲಿ ಮುಗಿಯದು. ಆಗ ಎರಡನೆಯ ಮ್ಯಾಟ್ ಬಾಡಿಗೆಗೆ ತರಬೇಕೋ, ಎರಡನೆಯ ದಿನಕ್ಕೆ ತಂಡಗಳಿಗೆ ಊಟ ವಸತಿ ಕೊಡಬೇಕೋ? ಎರಡು ಮ್ಯಾಟ್ ಅಂದರೆ ಅಂಕಣವೂ ಎರಡು, 13×10 ಮೀಟರ್ ಅಳತೆಯವು, ಸುತ್ತ ಜಾಗ ಬೇರೆ. ರೆಫ್ರಿ, ಇಬ್ಬರು ಅಂಪೈರು, ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್, ಹೀಗೆ ಆರು ಜನರ ಎರಡು ಗುಂಪು ಬೇಕು. ಏಪ್ರಿಲ್-ಮೇ ಆದರೆ ನಮ್ಮ ಬಿಸಿಲಲ್ಲಿ ಮಧ್ಯಾಹ್ನ ಆಡಿಸಲಾಗದು, ಲೈಟು, ಜನರೇಟರ್ ಖರ್ಚು ಸೇರುತ್ತದೆ. ಪ್ರಾಯೋಜಕರ ಬೋರ್ಡು ಕ್ಯಾಮೆರಾಕ್ಕೆ ಎದುರಾಗಿ ನಿಲ್ಲಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಅವರು ದುಡ್ಡು ಕೊಡರು. ಒಳ್ಳೆಯ ಕೋರ್ಸು ಇಂಥ ಬಜೆಟ್ಟನ್ನು ಹುಡುಗರ ಕೈಯಲ್ಲೇ ಬರೆಸುತ್ತದೆ. ಲೆಕ್ಕಶಾಸ್ತ್ರ, ಒಪ್ಪಂದದ ಕಾನೂನು, ಜಿಎಸ್‌ಟಿ, ಮಾರ್ಕೆಟಿಂಗ್ ಅದರಲ್ಲಿ ಇರಲೇಬೇಕು. ಸಿಲಬಸ್ಸಿನಲ್ಲಿ ಬರೀ ‘ಲೀಡರ್‌ಶಿಪ್’, ‘ಮೋಟಿವೇಶನ್’ ಕಂಡರೆ ಎಚ್ಚರ.

ಇಂಟರ್ನ್‌ಶಿಪ್ ವಿಷಯವೂ ಅಷ್ಟೇ. ಸಿಂಧನೂರಿನ ಹುಡುಗನಿಗೆ ಸಿಕ್ಕದ್ದು ಪಂದ್ಯದ ದಿನ ಗೇಟಿನಲ್ಲಿ ಟಿಕೆಟ್ ನೋಡುವ ಕೆಲಸ, ಊಟ ಬಿಟ್ಟು ಬೇರೇನೂ ಕೊಡಲಿಲ್ಲ. ನಿಜವಾದ ಇಂಟರ್ನ್‌ಶಿಪ್ ಪತ್ರವನ್ನು ಕೆಲಸ ಕೊಡುವ ಸಂಸ್ಥೆಯೇ ತನ್ನ ಲೆಟರ್‌ಹೆಡ್‌ನಲ್ಲಿ ಕೊಡುತ್ತದೆ. ಯಾವ ವಿಭಾಗ, ಎಷ್ಟು ವಾರ, ಯಾರ ಕೈಕೆಳಗೆ, ಸ್ಟೈಪೆಂಡ್ ಎಷ್ಟು ಅಂತ ಅದರಲ್ಲಿ ಇರುತ್ತದೆ. ಅಕಾಡೆಮಿಯೇ ಅಚ್ಚು ಹಾಕಿಸಿದ ಸರ್ಟಿಫಿಕೇಟಿಗೆ ಬೆಲೆ ಇಲ್ಲ.

ಸಾಲದ ಕಾಗದದಲ್ಲಿ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನುವ ಹಾಳೆ ಇರಬೇಕು. ನಿಜವಾದ ವಾರ್ಷಿಕ ಬಡ್ಡಿ ಅದರಲ್ಲಿ ಕಾಣುತ್ತದೆ. ಮೊಬೈಲ್ ಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದಂತೆ ಕೂಲಿಂಗ್ ಆಫ್ ಅವಧಿಯೂ ಉಂಟು. ಅದರೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು ದಂಡವಿಲ್ಲದೆ ಹೊರಬರಬಹುದು. ಅವಧಿ ಬಹಳ ಚಿಕ್ಕದು, ಆದ್ದರಿಂದ ಒಟಿಪಿ ಹೇಳುವ ಮುಂಚೆಯೇ ಆ ಹಾಳೆ ಓದಿಸಿಕೊಳ್ಳಿ. ಕೋರ್ಸು ಬಿಟ್ಟರೂ ಕಂತು ನಿಲ್ಲುವುದಿಲ್ಲ, ಯಾಕೆಂದರೆ ಸಾಲಗಾರ ಅಪ್ಪ, ಅಕಾಡೆಮಿ ಅಲ್ಲ. ಕಂತು ತಪ್ಪಿದರೆ ಸಿಬಿಲ್, ಅಂದರೆ ಸಾಲ ತೀರಿಸಿದ ದಾಖಲೆಯ ಅಂಕ, ಕೆಡುತ್ತದೆ, ಮುಂದಿನ ಬೆಳೆ ಸಾಲಕ್ಕೂ ಕಲ್ಲು ಬೀಳುತ್ತದೆ. ಸೀಟಿನ ಪತ್ರ ಹಿಡಿದು ನಿಮ್ಮೂರಿನ ಬ್ಯಾಂಕ್ ಶಾಖೆಯಲ್ಲಿ ಶಿಕ್ಷಣ ಸಾಲ ಕೇಳಿ ನೋಡಿ. ‘ಈ ಸಂಸ್ಥೆಗೆ ಮಾನ್ಯತೆ ಇಲ್ಲ’ ಅಂತ ಮ್ಯಾನೇಜರ್ ಅಂದರೆ ಆ ಮಾತಿಗೆ ಬೆಲೆ ಕೊಡಿ.

ನಮ್ಮ ಸಲಹೆ: ಊರ ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರೆಗ್ಯುಲರ್ ಬಿ.ಕಾಂ ಅಥವಾ ಬಿಬಿಎ ಸೇರಿ. ವಿಶ್ವವಿದ್ಯಾಲಯದ ತಂಡಕ್ಕೆ ಆಡಿ. ಕೂಟಕ್ಕೆ ಹೋದ ದಿನಗಳ ಹಾಜರಾತಿ ಪತ್ರವನ್ನು ಕಾಲೇಜಿನ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಕಡೆಯಿಂದ ಆ ವಾರವೇ ಸಹಿ ಮಾಡಿಸಿ ಇಟ್ಟುಕೊಳ್ಳಿ. ಸೆಮಿಸ್ಟರ್ ಕೊನೆಗೆ 75 ಪರ್ಸೆಂಟ್ ಹಾಜರಾತಿಯ ಲೆಕ್ಕ ಹಾಕುವಾಗ ಕೂಟದ ಪಟ್ಟಿ ಹುಡುಕಿಕೊಡುವವರು ಯಾರೂ ಇರುವುದಿಲ್ಲ. ಕ್ರೀಡಾ ನಿರ್ವಹಣೆಯನ್ನು ಡಿಗ್ರಿ ಆದ ಮೇಲೆ ಓದಬಹುದು. ಕೋಲ್ಕತ್ತದ ಐಐಎಸ್‌ಡಬ್ಲ್ಯುಬಿಎಂ, ಐಐಎಂ ರೋಹ್ಟಕ್ ಅನ್ನುವ ಮ್ಯಾನೇಜ್‌ಮೆಂಟ್ ಸಂಸ್ಥೆಗಳು ಇಂಥ ಕೋರ್ಸು ನಡೆಸಿವೆ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದಲ್ಲಿ ಸ್ಥಳೀಯರಿಗೆ ಸಿಗುವ ಸೀಟಿನ ಅನುಕೂಲವನ್ನು ಯಾರದೋ ಫೋನ್ ಕೇಳಿ ಬಿಟ್ಟುಕೊಡಬೇಡಿ.

ಈಗಾಗಲೇ ಕಟ್ಟಿದವರು ತಡ ಮಾಡಬೇಡಿ. ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗ ಬಿಟ್ಟರೆ ಪೂರ್ತಿ ಫೀಸು ವಾಪಸ್, ಸಂಸ್ಕರಣಾ ವೆಚ್ಚ ಅಂತ ಗರಿಷ್ಠ 5,000 ರೂಪಾಯಿ ಮುರಿಯಬಹುದು. ಅದಕ್ಕಿಂತ ಕಡಿಮೆ ದಿನ ಉಳಿದಿದ್ದರೆ ಶೇ 90, ಕೊನೆಯ ದಿನ ದಾಟಿ 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50, ಆಮೇಲೆ ಏನೂ ಇಲ್ಲ. ಆಮೇಲಿನ ಕೆಲವು ವರ್ಷ ಯುಜಿಸಿ ಇದಕ್ಕಿಂತ ಹೆಚ್ಚು ಕಾಲಾವಕಾಶ ಕೊಟ್ಟದ್ದೂ ಉಂಟು, ನಿಮ್ಮ ವರ್ಷದ ಸುತ್ತೋಲೆ ನೋಡಿ. ಮೂಲ ಅಂಕಪಟ್ಟಿ, ಟಿಸಿ ಹಿಡಿದಿಟ್ಟುಕೊಳ್ಳುವ ಹಕ್ಕು ಯಾವ ಕಾಲೇಜಿಗೂ ಇಲ್ಲ. ವಾಪಸ್ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಕಾಲೇಜು, ವಿಶ್ವವಿದ್ಯಾಲಯದ ಮೇಲಿನ ದೂರು ಯುಜಿಸಿಯ ಇ-ಸಮಾಧಾನ್ ಪೋರ್ಟಲಿಗೆ, ತರಬೇತಿ ಕಂಪನಿಯ ಮೇಲಿನದು ಗ್ರಾಹಕ ಸಹಾಯವಾಣಿ 1915ಕ್ಕೆ ಅಥವಾ ಜಿಲ್ಲಾ ಗ್ರಾಹಕ ಆಯೋಗಕ್ಕೆ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಸಾಲದ ತಕರಾರನ್ನು ಮೊದಲು ಕಂಪನಿಗೇ ಬರೆದುಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ) ಹೋಗಿ. ಜೊತೆಗೆ ಲಗತ್ತಿಸಬೇಕಾದವು: ಫೀಸಿನ ರಸೀದಿ, ಸಾಲದ ಕಾಗದ, ಬ್ರೋಷರ್, ‘ಕೆಲಸ ಗ್ಯಾರಂಟಿ’ ಅಂತ ಅವರು ಕಳಿಸಿದ ವಾಟ್ಸಾಪ್ ಸಂದೇಶಗಳ ಸ್ಕ್ರೀನ್‌ಶಾಟ್. ಇವನ್ನು ಅಳಿಸಬೇಡಿ.