ಲೂಟ್ ಆಸೆಗೆ ರೆಸಿಸ್ಟೆನ್ಸ್ ಬಿಟ್ಟುಕೊಡಬೇಡಿ

ಎರಡು ತಿಂಗಳು ಕೂತು ಬೆಳೆಸಿದ ಸೋರ್ಸರೆಸ್‌ನ ಮೊನ್ನೆ ರಾತ್ರಿ ಕಳೆದುಕೊಂಡೆ. ಡಯಾಬ್ಲೊ 2 ಗೇಮ್‌ನ ಮಾಂತ್ರಿಕೆ ಪಾತ್ರ ಅವಳು, ಹಾರ್ಡ್‌ಕೋರ್ ಮೋಡ್. ಅಲ್ಲಿ ಒಮ್ಮೆ ಸತ್ತರೆ ಮುಗೀತು. ಮೈಮೇಲಿದ್ದ ಗೇರ್ ಕೂಡ ಅವಳ ಜೊತೆಗೇ ಹೋಯಿತು. ಇನ್ನೂ ಬೇಜಾರು ಹೋಗಿಲ್ಲ.

ಆಗಿದ್ದು ಇಷ್ಟು. ಹೆಲ್ ಅನ್ನೋ ಅತಿ ಕಷ್ಟದ ಹಂತದಲ್ಲಿ ಮೆಫಿಸ್ಟೊ ಅನ್ನೋ ಬಾಸ್‌ನ ದಿನಾ ಹೊಡೆಯುತ್ತಿದ್ದೆ, ಸತ್ತಾಗ ಒಳ್ಳೆ ಯೂನಿಕ್ (ಅಪರೂಪದ ವಸ್ತು) ಬೀಳುತ್ತಿರಲಿಲ್ಲ. ಮ್ಯಾಜಿಕ್ ಫೈಂಡ್ (ಒಳ್ಳೆ ವಸ್ತು ಬೀಳುವ ಸಾಧ್ಯತೆ ಏರಿಸೋ ಗುಣ) ಜಾಸ್ತಿ ಮಾಡು, ಎಲ್ಲಾ ಸರಿಹೋಗುತ್ತೆ ಅಂದರು. ಹೆಲ್ಮೆಟ್‌ಗೆ ಮೂರು, ಕವಚಕ್ಕೆ ನಾಲ್ಕು ಪರ್ಫೆಕ್ಟ್ ಟೋಪಾಜ್ ರತ್ನ ಕೂರಿಸಿದೆ. ಒಂದೊಂದಕ್ಕೆ 24%, ಅಲ್ಲಿಗೇ 168 ಆಯಿತು. ಗ್ಲೌಸ್, ಬೂಟು, ಉಂಗುರ ಸೇರಿ 300 ದಾಟಿತು. ಆ ಸಂಖ್ಯೆ ನೋಡೋಕೆ ಎಷ್ಟು ಖುಷಿಯಾಗಿತ್ತು!

ಆದರೆ ಬೆಂಕಿ, ಮಿಂಚಿನಂಥ ಏಟು ತಡೆಯೋ ಶಕ್ತಿಯೇ ರೆಸಿಸ್ಟೆನ್ಸ್, ಹೆಲ್‌ನಲ್ಲಿ ಅದೆಲ್ಲದರಿಂದ 100 ಕಳೆಯುತ್ತಾರೆ. ಹಳೇ ಗೇರ್‌ನಲ್ಲಿ 75 ಇದ್ದ ಲೈಟ್ನಿಂಗ್ ರೆಸಿಸ್ಟೆನ್ಸ್ ಹೊಸದರಲ್ಲಿ ಸೊನ್ನೆಗಿಂತ ಕೆಳಗೆ ಹೋಗಿತ್ತು. ನೋಡಿದ್ದೆ, ಮೆಫಿಸ್ಟೊನ ಮುಂದಿನ ಕಂದಕದ ಈಚೆ ನಿಂತೇ ಹೊಡೀತೀನಲ್ಲ ಅಂತ ಸುಮ್ನೆ ಬಿಟ್ಟೆ. ಮೊನ್ನೆ ಟೆಲಿಪೋರ್ಟ್ ಒಂದು ಹೆಜ್ಜೆ ಜಾಸ್ತಿಯಾಗಿ ಮೆಫಿಸ್ಟೊನ ಎದುರಿಗೇ ಇಳಿದೆ. ಒಂದು ಮಿಂಚು ಬಡಿಯಿತು. ಜೀವ ತೋರಿಸೋ ಕೆಂಪು ಗೋಳ ಪೂರ್ತಿ ಖಾಲಿ. ಬೆರಳು ಪೋಷನ್ ಕೀ ಮೇಲೇ ಇತ್ತು, ಒತ್ತುವಷ್ಟೂ ಹೊತ್ತು ಸಿಗಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಇದನ್ನು ಮೊದಲೇ ಮಾಡಬೇಕಿತ್ತು, ನೀವಾದರೂ ಮಾಡಿ. ಯೂನಿಕ್‌ಗೆ ಮ್ಯಾಜಿಕ್ ಫೈಂಡ್ ಪೂರ್ತಿ ಸಿಗುವುದಿಲ್ಲ. ನಿಮ್ಮ ಸಂಖ್ಯೆಯನ್ನು 250ರಿಂದ ಗುಣಿಸಿ, ಅದೇ ಸಂಖ್ಯೆಗೆ 250 ಕೂಡಿಸಿ ಬಂದದ್ದರಿಂದ ಭಾಗಿಸಿ. 100 ಇದ್ದರೆ ಸಿಗೋದು ಸುಮಾರು 71. 300 ಇದ್ದರೆ ಬರೀ 136. ಮೂಲ ಸಾಧ್ಯತೆಯ 100 ಸೇರಿಸಿದರೆ 171ರಿಂದ 236. ಅಂದರೆ ಮ್ಯಾಜಿಕ್ ಫೈಂಡ್ ಮೂರು ಪಟ್ಟು ಮಾಡಿದರೂ ಯೂನಿಕ್ ಬೀಳುವ ಸಾಧ್ಯತೆ ಏರೋದು ಶೇಕಡ 38ರಷ್ಟು ಮಾತ್ರ. ಇತ್ತ ಸ್ಕಿಲ್ ಕೊಡುವ ಗೇರ್ ತೆಗೆದಿದ್ದಕ್ಕೆ ಎರಡು ನಿಮಿಷದ ರನ್ ನಾಲ್ಕು ನಿಮಿಷ ಆಗಿತ್ತು. ಗಂಟೆಗೆ 30 ಸಲ ಕೊಲ್ಲುತ್ತಿದ್ದವನು 15ಕ್ಕೆ ಇಳಿದಿದ್ದೆ. ಲೂಟ್ ಕಮ್ಮಿಯೇ ಆಗಿತ್ತು, ಅಲ್ವಾ?

ರೂನ್ ಅನ್ನೋ ಮಂತ್ರಾಕ್ಷರದ ಕಲ್ಲುಗಳಿಗಂತೂ ಮ್ಯಾಜಿಕ್ ಫೈಂಡ್ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೋಸ್ಕರ ಟೋಪಾಜ್ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ.

ಇನ್ನೊಂದು ಮಾತು. ಏನು ಬೀಳಬೇಕು ಅನ್ನೋದು ಶತ್ರು ಸಾಯುವ ಕ್ಷಣದಲ್ಲೇ ತೀರ್ಮಾನ ಆಗುತ್ತೆ. ಗಲ್ ಅನ್ನೋ ಯೂನಿಕ್ ಕಠಾರಿಯೊಂದರಲ್ಲೇ 100% ಮ್ಯಾಜಿಕ್ ಫೈಂಡ್ ಇದೆ. ಅದನ್ನು ಬದಲಿ ಆಯುಧದ ಜಾಗದಲ್ಲಿಟ್ಟು, ಕೊನೇ ಏಟಿಗೆ ಮಾತ್ರ ಬದಲಾಯಿಸಿ. ಕವಚ, ಹೆಲ್ಮೆಟ್ ಮುಟ್ಟೋದೇ ಬೇಡ.

ಹೊಸ ಸೋರ್ಸರೆಸ್ ಶುರು ಮಾಡಿದ್ದೀನಿ. ಈಗಿನ್ನೂ ನಾರ್ಮಲ್‌ನಲ್ಲಿದ್ದಾಳೆ. ಹೆಲ್‌ಗೆ ಹೋದಾಗ ರೆಸಿಸ್ಟೆನ್ಸ್ 75 ತುಂಬಿದ ಮೇಲೆ ಎಷ್ಟು ಜಾಗ ಉಳಿಯುತ್ತೋ, ಅಷ್ಟಕ್ಕೇ ಟೋಪಾಜ್.